ಚೌಕಟ್ಟುಗಳ ನಡುವಣ ತೆರಪು: ಚಿತ್ರಕಥೆಯೂ ದೇವರ ರೂಪವೂ

ರೂಪವಿಲ್ಲದ್ದನ್ನು ರೂಪದಲ್ಲಿ ತೋರಿಸಬಹುದೇ ಎಂಬುದು ಭಾರತೀಯ ಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸನು ಮಾರ್ಕಂಡೇಯ ಮುನಿಯನ್ನು ಇದನ್ನೇ ಕೇಳುತ್ತಾನೆ: ರೂಪ, ರಸ, ಗಂಧ, ಶಬ್ದ, ಸ್ಪರ್ಶಗಳಿಲ್ಲದ ಪರಮಪುರುಷನಿಗೆ ಪ್ರತಿಮೆಯನ್ನು ಮಾಡುವುದು ಹೇಗೆ? ಪರತತ್ತ್ವಕ್ಕೆ ಪ್ರಕೃತಿ ಮತ್ತು ವಿಕೃತಿ ಎಂಬ ಎರಡು ನೆಲೆಗಳಿವೆ, ಕಣ್ಣಿಗೆ ಎಟುಕದ ಮೂಲಸ್ಥಿತಿ ಪ್ರಕೃತಿ, ಜಗತ್ತಾಗಿ ತೋರಿಕೊಂಡದ್ದು ವಿಕೃತಿ, ದೇಹವುಳ್ಳವರಿಗೆ ಪೂಜೆಯೂ ಧ್ಯಾನವೂ ಆಕಾರವುಳ್ಳದ್ದರಲ್ಲಿಯೇ ಸುಲಭ ಎಂಬುದು ಮುನಿಯ ಉತ್ತರದ ಸಾರ. ಚಿತ್ರಕಲೆಯ ನಿಯಮಗಳನ್ನು ಹೇಳುವ, ಚಿತ್ರಸೂತ್ರವೆಂದು ಹೆಸರಾದ ಅಧ್ಯಾಯಗಳು ಇದೇ ಖಂಡದಲ್ಲಿವೆ ಎಂಬುದು ಗಮನಾರ್ಹ. ಕುಂಚ ಹಿಡಿಯುವ ವಿದ್ಯೆ ಮತ್ತು ರೂಪದ ಬಗೆಗಿನ ಸಂದೇಹ ಅಲ್ಲಿ ಅಕ್ಕಪಕ್ಕದಲ್ಲಿಯೇ ಇವೆ.

ವಜ್ರನ ಪ್ರಶ್ನೆ ಒಂಟಿ ಪ್ರತಿಮೆಯನ್ನು ಕುರಿತದ್ದು. ಚಿತ್ರಕಥೆ, ಅಂದರೆ ಕಾಮಿಕ್ಸ್, ಅದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಒಂದರ ಪಕ್ಕದಲ್ಲೊಂದು ಚೌಕಟ್ಟನ್ನಿಟ್ಟು, ಓದುಗನ ಕಣ್ಣು ಒಂದರಿಂದ ಮತ್ತೊಂದಕ್ಕೆ ಸಾಗುವ ಕ್ರಮದಲ್ಲಿ ಕಥೆಯನ್ನು ನಡೆಸುವುದು ಈ ಕಲೆಯ ಲಕ್ಷಣ. ಎರಡು ಚೌಕಟ್ಟುಗಳ ನಡುವೆ ಉಳಿಯುವ ಬರಿಯ ಜಾಗವನ್ನು ಇಲ್ಲಿ ತೆರಪು ಎಂದು ಕರೆಯಬಹುದು. ಪ್ರತಿಮೆಯು ರೂಪವನ್ನು ಮಾತ್ರ ಕೊಡುತ್ತದೆ, ಚಿತ್ರಕಥೆಯಾದರೋ ರೂಪದೊಡನೆ ಕಾಲವನ್ನೂ ಕೊಡಬೇಕಾಗುತ್ತದೆ. ಆದ್ದರಿಂದ ದೇವರನ್ನು ಬರೆಯಬಹುದೇ ಎಂಬ ಪ್ರಶ್ನೆಗೆ, ಕಾಲಾತೀತವೆಂದು ನಂಬಲಾದುದನ್ನು ಕ್ಷಣಗಳಾಗಿ ಕತ್ತರಿಸಿ ಜೋಡಿಸಬಹುದೇ ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಇದಕ್ಕೆ ಉತ್ತರವನ್ನು ಬರೆದ ಗೆರೆಗಳಿಗಿಂತ ಬರೆಯದೆ ಬಿಟ್ಟ ತೆರಪಿನಲ್ಲಿ ಹುಡುಕಬೇಕು ಎಂಬುದು ಈ ಪ್ರಬಂಧದ ವಾದ. ಅದಕ್ಕೆ ಬೇಕಾದ ಸಾಮಗ್ರಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಸೀಮೆಯಲ್ಲಿ ಹೇರಳವಾಗಿದೆ.

ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿ ಗ್ರಾಮದ ದೇವಾಲಯ ಸಮುಚ್ಚಯದ ಪ್ರಾಚೀನ ಭಾಗಗಳು ಒಂಬತ್ತನೆಯ ಶತಮಾನದ ಆರಂಭಕ್ಕೆ ಸಲ್ಲುತ್ತವೆ. ಬೆಟ್ಟದ ಬುಡದಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎಂಬ ಎರಡು ದೊಡ್ಡ ಗುಡಿಗಳು ಜೊತೆಜೊತೆಯಾಗಿ ನಿಂತಿದ್ದರೆ, ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರನ ಗುಡಿಯಿದೆ. ಸ್ಥಳದ ನಂಬಿಕೆಯಂತೆ ಅರುಣಾಚಲೇಶ್ವರನದು ಶಿವನ ಬಾಲ್ಯ, ಭೋಗನಂದೀಶ್ವರನದು ಯೌವನ, ಯೋಗನಂದೀಶ್ವರನದು ವೈರಾಗ್ಯ. ಹುಟ್ಟಿಲ್ಲದವನೆಂದು ಶಾಸ್ತ್ರಗಳು ಹೇಳುವ ದೇವರಿಗೆ ಇಲ್ಲಿ ಮೂರು ವಯಸ್ಸುಗಳಿವೆ, ಮತ್ತು ಆ ಮೂರೂ ಮೂರು ಬೇರೆ ಬೇರೆ ಸ್ಥಾನಗಳಲ್ಲಿ ಕ್ರಮವಾಗಿ ನೆಲೆಗೊಂಡಿವೆ. ಕ್ರಮವಾಗಿ ಇಟ್ಟ ಮೂರು ರೂಪಗಳು, ಅವುಗಳ ನಡುವಣ ಅಂತರ, ಅಂತರವನ್ನು ದಾಟಿ ಕಥೆಯನ್ನು ಪೂರ್ಣಗೊಳಿಸುವ ಒಬ್ಬ ಯಾತ್ರಿಕ ಎಂಬ ಈ ಮೂರು ಅಂಗಗಳಲ್ಲಿ ಚಿತ್ರಕಥೆಯ ಇಡೀ ವ್ಯಾಕರಣ ಅಡಗಿದೆ.

ಈ ಸಮುಚ್ಚಯದಲ್ಲಿ ಅಂತರಗಳನ್ನು ನಡೆಸಿಕೊಂಡ ಬಗೆ ಇನ್ನೂ ಸೂಕ್ಷ್ಮವಾದುದು. ಬಾಲ್ಯ ಮತ್ತು ಯೌವನದ ಗುಡಿಗಳ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿಯೂ, ಅದರ ಮುಂದೆ ಕಪ್ಪು ಕಲ್ಲಿನ ನಾಲ್ಕು ಕಂಬಗಳ ಕಲ್ಯಾಣಮಂಟಪವೂ ಇದ್ದು, ಹೊಯ್ಸಳ ಶೈಲಿಯನ್ನು ನೆನಪಿಸುವ ಆ ಕಂಬಗಳ ಮೇಲೆ ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾದೇವಿಯರ ಜೋಡಿಗಳನ್ನು ಕೆತ್ತಲಾಗಿದೆ. ಎರಡು ವಯಸ್ಸುಗಳ ನಡುವಣ ತೆರಪಿನಲ್ಲಿ ಮದುವೆಯೊಂದು ನಡೆದಿರಬೇಕೆಂದು ಭಾವಿಸಿ, ಆ ಭಾವನೆಯನ್ನೇ ಕಲ್ಲಿನಲ್ಲಿ ಕಡೆದಿಟ್ಟಂತಿದೆ ಈ ರಚನೆ. ಆದರೆ ಭೋಗಕ್ಕೂ ಯೋಗಕ್ಕೂ ನಡುವಿನ ಅಂತರವನ್ನು ಯಾವ ಮಂಟಪವೂ ತುಂಬಿಲ್ಲ. ಅಲ್ಲಿರುವುದು ಸಮುದ್ರಮಟ್ಟದಿಂದ ಸುಮಾರು 1,478 ಮೀಟರ್ ಎತ್ತರಕ್ಕೇರುವ ಬೆಟ್ಟ ಮಾತ್ರ. ವೈರಾಗ್ಯದ ನೆಲೆಯಾದ್ದರಿಂದ ಮೇಲಿನ ಗುಡಿಗೆ ಉತ್ಸವಗಳೂ ಇಲ್ಲ. ಮನುಷ್ಯನು ಸಂಸಾರದಿಂದ ವಿರಕ್ತಿಗೆ ಹೇಗೆ ಸಾಗುತ್ತಾನೆ ಎಂಬುದನ್ನು ಮತ್ತೊಬ್ಬರು ಚಿತ್ರಿಸಿ ತೋರಿಸಲಾರರು ಎಂಬ ತಿಳಿವಳಿಕೆ ಈ ಖಾಲಿತನದಲ್ಲಿದೆ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ. ಯಾವ ತೆರಪನ್ನು ತುಂಬಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಚಿತ್ರಕಥೆಗಾರನ ಮೊದಲ ವಿದ್ಯೆ.

ಗೌರಿಬಿದನೂರಿನ ಗಡಿಯಾಚೆಗೆ, ಹಿಂದೂಪುರದ ಸಮೀಪದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಈ ವಿದ್ಯೆಯ ಬಣ್ಣದ ರೂಪ ಕಾಣುತ್ತದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣನೆಂಬ ಅಧಿಕಾರಿ ಬೆಳೆಸಿದ, ಕನ್ನಡ ಶಾಸನಗಳೂ ಇರುವ ಈ ದೇವಾಲಯದ ಚಾವಣಿಗಳಲ್ಲಿ ಕಿರಾತಾರ್ಜುನೀಯ, ದ್ರೌಪದಿಯ ಸ್ವಯಂವರ, ಕರುವಿಗೆ ನ್ಯಾಯ ಕೊಟ್ಟ ಚೋಳರಾಜನ ಕಥೆ ಮೊದಲಾದವು ಉದ್ದನೆಯ ಪಟ್ಟಿಗಳಾಗಿ ಹರಡಿಕೊಂಡಿವೆ. ಇಂಥ ಚಿತ್ರಪಟ್ಟಿಗಳಲ್ಲಿ ಒಬ್ಬನೇ ವೀರನು ಮತ್ತೆ ಮತ್ತೆ ಬರುತ್ತಾನೆ; ತಪಸ್ಸಿಗೆ ನಿಂತವನೂ ಅವನೇ, ಬಿಲ್ಲೆತ್ತಿದವನೂ ಅವನೇ. ನೋಡುವವರು ಯಾರೂ ಅಲ್ಲಿ ಹಲವರು ಅರ್ಜುನರಿದ್ದಾರೆಂದು ತಿಳಿಯುವುದಿಲ್ಲ. ಹಲವು ಚಿತ್ರಗಳಲ್ಲಿರುವವನು ಒಬ್ಬನೇ ಎಂದು ನೋಡುಗನಿಗೆ ತಿಳಿಯುವುದು ಹೇಗೆ ಎಂಬ ಸರಳ ಪ್ರಶ್ನೆ, ಭಾರತೀಯ ದರ್ಶನಗಳು ಶತಮಾನಗಳ ಕಾಲ ನಡೆಸಿದ ಒಂದು ದೊಡ್ಡ ವಾಗ್ವಾದಕ್ಕೆ ಬಾಗಿಲಾಗಿದೆ.

ಬೌದ್ಧರ ಕ್ಷಣಭಂಗವಾದದ ಪ್ರಕಾರ ಇರುವುದೆಲ್ಲ ಕ್ಷಣಮಾತ್ರ ಇದ್ದು ಅಳಿಯುತ್ತದೆ. ನಿನ್ನೆಯ ದೇವದತ್ತನೇ ಇಂದಿನ ದೇವದತ್ತನೆಂಬ ಅರಿವು, ಒಂದನ್ನೊಂದು ಹೋಲುವ ಕ್ಷಣಗಳ ಸಂತಾನದಿಂದ, ಅಂದರೆ ಕಡಿಯದ ಸಾಲಿನಿಂದ ಹುಟ್ಟಿದ ಕಲ್ಪನೆ. ಶಂಕರರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಇದನ್ನು ನಿರಾಕರಿಸುತ್ತ, ಎರಡು ಕ್ಷಣಗಳು ಒಂದನ್ನೊಂದು ಹೋಲುತ್ತವೆಂದು ಹೇಳಬೇಕಾದರೂ ಆ ಎರಡನ್ನೂ ಕಂಡವನೊಬ್ಬ ಬೇಕಲ್ಲವೇ, ಅವನೂ ಕ್ಷಣಿಕನಾದರೆ ಹೋಲಿಕೆಯನ್ನು ಗುರುತಿಸುವವರಾರು ಎಂದು ವಾದಿಸುತ್ತಾರೆ. ಈ ಗುರುತಿಸುವಿಕೆಗೆ ಪ್ರತ್ಯಭಿಜ್ಞೆ ಎಂದು ಹೆಸರು. ಚಿತ್ರಕಥೆಯ ಪುಟದಲ್ಲಿ ಎರಡೂ ಪಕ್ಷಗಳಿಗೆ ಅವುಗಳ ಪಾಲು ಸಲ್ಲುತ್ತದೆ. ಕಾಗದದ ಮೇಲೆ ಬೌದ್ಧರ ಮಾತೇ ನಿಜ: ಮೊದಲನೆಯ ಚೌಕಟ್ಟಿನ ಶಾಯಿಗೂ ಎರಡನೆಯದರ ಶಾಯಿಗೂ ಯಾವ ಸಂಬಂಧವೂ ಇಲ್ಲ, ಇರುವುದು ಹೋಲಿಕೆ ಮಾತ್ರ. ಆದರೆ ಓದು ನಡೆಯುವಾಗ ವೇದಾಂತಿಯ ಮಾತು ನಿಜವಾಗುತ್ತದೆ: ಎಲ್ಲ ಚೌಕಟ್ಟುಗಳನ್ನೂ ಕಾಣುತ್ತ, ತಾನು ಯಾವುದರಲ್ಲಿಯೂ ಇಲ್ಲದ ಓದುಗನೊಬ್ಬನಿಲ್ಲದೆ ಕಥೆಯೇ ಇಲ್ಲ. ಅದ್ವೈತದಲ್ಲಿ ಎಲ್ಲ ಅನುಭವಗಳನ್ನೂ ಬೆಳಗುತ್ತ ಅವುಗಳಿಗೆ ಅಂಟದೆ ಇರುವ ಅರಿವಿಗೆ ಸಾಕ್ಷಿ ಎನ್ನುತ್ತಾರೆ; ಚಿತ್ರಕಥೆಯ ಓದುಗನು ಆ ಸ್ಥಾನದ ಒಂದು ಲೌಕಿಕ ಮಾದರಿ.

ಶಿಡ್ಲಘಟ್ಟದ ರೇಷ್ಮೆಯ ಕಸುಬು ಇದೇ ಪ್ರಶ್ನೆಯನ್ನು ಧರ್ಮದ, ಅಂದರೆ ನಡೆವಳಿಕೆಯ, ನೆಲೆಗೆ ತರುತ್ತದೆ. ರಾಜ್ಯದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲೊಂದು ಈ ಪಟ್ಟಣದಲ್ಲಿದೆ. ರೇಷ್ಮೆಹುಳು ಮೊಟ್ಟೆಯಿಂದ ಹೊರಬಂದು, ನಾಲ್ಕು ಬಾರಿ ಪೊರೆ ಕಳಚಿ, ಐದು ಹಂತಗಳಲ್ಲಿ ಬೆಳೆದು, ಹಣ್ಣಾಗಿ, ಚಂದ್ರಿಕೆಯೆಂಬ ತಟ್ಟಿಯ ಮೇಲೆ ಗೂಡು ಕಟ್ಟುತ್ತದೆ. ಒಳಗೆ ಕೋಶವಾಗಿ, ಕೊನೆಗೆ ಚಿಟ್ಟೆಯಾಗುವುದು ಅದರ ಸಹಜ ಕ್ರಮ. ಚಿಟ್ಟೆ ಗೂಡನ್ನು ಸೀಳಿ ಹೊರಬಂದರೆ ಎಳೆ ತುಂಡಾಗುವುದರಿಂದ, ಅದಕ್ಕೆ ಮೊದಲೇ ಗೂಡಿನೊಳಗಿನ ಜೀವವನ್ನು ಶಾಖದಿಂದ ಕೊಂದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಚಿತ್ರಗಳ ಸಾಲಾಗಿ ಬರೆದರೆ ಈ ಬದುಕಿನ ಕೊನೆಯ ಚೌಕಟ್ಟು ಖಾಲಿ ಉಳಿಯುತ್ತದೆ. ಹುಳುವೂ ಚಿಟ್ಟೆಯೂ ಒಂದೇ ಜೀವವೆಂದು ಒಪ್ಪುವವನಿಗೆ ಆ ಖಾಲಿ ಚೌಕಟ್ಟು ಅಹಿಂಸೆಯ ಪ್ರಶ್ನೆಯಾಗಿ ಎದುರಾಗುತ್ತದೆ, ಆದರೆ ಅದರ ಪಕ್ಕದಲ್ಲಿಯೇ ಸಾವಿರಾರು ಕುಟುಂಬಗಳ ಅನ್ನದ ಚೌಕಟ್ಟೂ ಇದೆ. ಇವೆರಡನ್ನೂ ಒಂದೇ ಪುಟದಲ್ಲಿಟ್ಟು, ತೀರ್ಪನ್ನು ಬರೆಯದೆ ಬಿಡುವ ಶಕ್ತಿ ಉಪದೇಶದ ಗದ್ಯಕ್ಕಿಂತ ಚಿತ್ರಕಥೆಗೆ ಹೆಚ್ಚು.

ತೆರಪಿನಲ್ಲಿ ಅರ್ಥ ಹುಟ್ಟುವ ಬಗೆಯನ್ನು ಅಮೆರಿಕದ ಚಿತ್ರಕಥೆಗಾರ ಸ್ಕಾಟ್ ಮ್ಯಾಕ್‌ಕ್ಲೌಡ್ 1993ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕಂಡ ಭಾಗಗಳಿಂದ ಕಾಣದ ಇಡಿಯನ್ನು ಓದುಗನೇ ಪೂರ್ತಿಗೊಳಿಸಿಕೊಳ್ಳುತ್ತಾನೆ ಎಂಬುದು ಅವರ ನಿಲುವು. ಭಾರತೀಯ ಪ್ರಮಾಣಶಾಸ್ತ್ರದಲ್ಲಿ, ಅಂದರೆ ಸರಿಯಾದ ಅರಿವಿನ ದಾರಿಗಳನ್ನು ವಿಚಾರಿಸುವ ಶಾಸ್ತ್ರದಲ್ಲಿ, ಇದಕ್ಕೆ ಇನ್ನೂ ಖಚಿತವಾದ ಉಪಕರಣಗಳಿವೆ. ಹಗಲು ಉಣ್ಣದ ದೇವದತ್ತನು ದಷ್ಟಪುಷ್ಟನಾಗಿದ್ದರೆ ಅವನು ರಾತ್ರಿ ಉಣ್ಣುತ್ತಾನೆಂದು ತಿಳಿಯುವುದನ್ನು ಮೀಮಾಂಸಕರು ಅರ್ಥಾಪತ್ತಿ ಎನ್ನುತ್ತಾರೆ. ಕಂಡ ಎರಡು ಸಂಗತಿಗಳು ಹೊಂದಬೇಕಾದರೆ ಕಾಣದ ಮೂರನೆಯದನ್ನು ಒಪ್ಪಲೇಬೇಕಾಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಮಹಾಭಾರತದ ಏಕಚಕ್ರಪುರವೆಂದು ಜನ ನಂಬುತ್ತಾರೆ, ಊರಿನಲ್ಲಿ ಭೀಮಲಿಂಗೇಶ್ವರನ ಗುಡಿಯೂ ಇದೆ. ಅಲ್ಲಿಯ ಬಕಾಸುರನ ಕಥೆಯನ್ನು ಬರೆಯುವವರು ಒಂದು ಚೌಕಟ್ಟಿನಲ್ಲಿ ಅನ್ನದ ಬಂಡಿಯನ್ನು ಬೆಟ್ಟದತ್ತ ಹೊಡೆದುಕೊಂಡು ಹೋಗುವ ಭೀಮನನ್ನೂ, ಮುಂದಿನದರಲ್ಲಿ ಊರಬಾಗಿಲಲ್ಲಿ ಬಿದ್ದ ರಕ್ಕಸನ ಹೆಣವನ್ನೂ ತೋರಿಸಿದರೆ ಸಾಕು, ಕಾಳಗ ನಡೆಯುವುದು ಓದುಗನ ಮನಸ್ಸಿನಲ್ಲಿ.

ಅರ್ಥಾಪತ್ತಿಯ ಜೊತೆಗೆ ಶಾಬ್ದಬೋಧದ, ಎಂದರೆ ವಾಕ್ಯದಿಂದ ಅರ್ಥ ತಿಳಿಯುವ ಬಗೆಯ, ಮೂರು ನಿಯಮಗಳೂ ಇಲ್ಲಿ ಸಲ್ಲುತ್ತವೆ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ, ಪದಗಳ ಅರ್ಥಗಳು ಒಂದಕ್ಕೊಂದು ಒಪ್ಪುವುದು ಯೋಗ್ಯತೆ, ಅವು ತಡವಿಲ್ಲದೆ ಹತ್ತಿರ ಹತ್ತಿರ ಬರುವುದು ಸನ್ನಿಧಿ. ಪುಟದ ಕೊನೆಯ ಚೌಕಟ್ಟು ಮುಂದಿನ ಪುಟವನ್ನು ಬಯಸುವಂತೆ ಮಾಡುವುದರಲ್ಲಿ ಆಕಾಂಕ್ಷೆಯಿದೆ. ಒಂದು ಚೌಕಟ್ಟು ಇನ್ನೊಂದಕ್ಕೆ ಒಪ್ಪುವುದರಲ್ಲಿ ಯೋಗ್ಯತೆಯಿದೆ. ಚೌಕಟ್ಟುಗಳ ಅಳತೆ, ಅಂತರ, ಸಾಲುಗಳ ಜೋಡಣೆಯಲ್ಲಿ ಸನ್ನಿಧಿಯಿದೆ. ಆದರೆ ಅರ್ಥಾಪತ್ತಿಯು ಒಂದೇ ತೀರ್ಮಾನಕ್ಕೆ ಕರೆದೊಯ್ಯುತ್ತದೆ, ಒಳ್ಳೆಯ ತೆರಪು ಹಾಗಲ್ಲ. ಅದು ಹೇಳದೆಯೇ ಹಲವನ್ನು ಹೊಳೆಯಿಸುತ್ತದೆ. ಕಾಶ್ಮೀರದ ಆನಂದವರ್ಧನನು ಕಾವ್ಯದ ಆತ್ಮವೆಂದು ಸಾರಿದ ಧ್ವನಿ, ಅಂದರೆ ವಾಚ್ಯವನ್ನು ದಾಟಿ ಸ್ಫುರಿಸುವ ಅರ್ಥ, ಅದೇ ಒಂಬತ್ತನೆಯ ಶತಮಾನದ ಕನ್ನಡದ ಕವಿರಾಜಮಾರ್ಗದಲ್ಲಿಯೂ ಒಂದು ಅಲಂಕಾರವಾಗಿ ಹೆಸರು ಪಡೆದಿದೆ. ಚಿತ್ರಕಥೆಯಲ್ಲಿ ಧ್ವನಿಗೆ ನೆಲೆ ತೆರಪೇ.

ಈ ತೆರಪು ಕಳೆದ ಶತಮಾನದಲ್ಲಿ ಮುಚ್ಚುತ್ತ ಬಂದುದಕ್ಕೆ ಅಚ್ಚಿನ ಮಾರುಕಟ್ಟೆ ಮುಖ್ಯ ಕಾರಣ. 1894ರಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯವು ದೇವರುಗಳಿಗೆ ಮನೆಮನೆಯಲ್ಲಿಯೂ ಒಂದೇ ಮುಖವನ್ನು ಕೊಟ್ಟಿತು. ಅಮರ ಚಿತ್ರ ಕಥೆಯು ಆ ಮುಖಗಳಿಗೆ ಚಲನೆಯನ್ನೂ ಮಾತನ್ನೂ ಕೊಟ್ಟಿತು. ಆ ಸರಣಿಯ ಮೊದಲ ಅಧ್ಯಾಯ ಕನ್ನಡದ್ದು ಎಂಬುದನ್ನು ಕನ್ನಡಿಗರೇ ಮರೆತಿದ್ದಾರೆ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಕಿನ್ನರಕಥೆಗಳ ಚಿತ್ರಪುಸ್ತಕಗಳು ಕನ್ನಡದಲ್ಲಿ ಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಪುರಾಣದತ್ತ ಹೊರಳಿದ ಇಂಗ್ಲಿಷ್ ಸರಣಿಯು ಆ ಕನ್ನಡ ಪುಸ್ತಕಗಳ ಎಣಿಕೆಯನ್ನು ಮುಂದುವರಿಸುತ್ತ 11ನೆಯ ಸಂಖ್ಯೆಯ ‘ಕೃಷ್ಣ’ದಿಂದ ಆರಂಭವಾಯಿತು. ಆ ಪುಸ್ತಕದ ಮೊದಲ ರೂಪದಲ್ಲಿ ಪೈ ಅವರು ಪವಾಡಗಳನ್ನು ತಗ್ಗಿಸಿ ಹೇಳಲು ನೋಡಿದರೆಂದೂ, ಗೋವರ್ಧನವನ್ನೆತ್ತಿದ ಪ್ರಸಂಗಕ್ಕೆ ನಂತರದ ಪರಿಷ್ಕೃತ ಆವೃತ್ತಿಯಲ್ಲಿಯೇ ಪೂರ್ಣ ವೈಭವ ದೊರೆಯಿತೆಂದೂ ಆ ಸರಣಿಯ ಅಧ್ಯಯನಕಾರರು ಗುರುತಿಸಿದ್ದಾರೆ. ಕಥೆ ಹೇಳುವ ಕೈಗೇ ಪವಾಡವನ್ನು ಬರೆಯುವಾಗ ಅಳುಕು ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಆ ಅಳುಕಿನ ತಾತ್ತ್ವಿಕ ಕಾರಣವನ್ನು ತಿಳಿಯಲು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. 1920ರಲ್ಲಿ ಹುಟ್ಟಿದ ಈ ಭೌತವಿಜ್ಞಾನಿ, ಗಾಂಧೀವಾದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರ ಜೀವಮಾನದ ನಿಲುವಾಗಿತ್ತು. ಈ ನಿಲುವಿನಿಂದ ನೋಡಿದರೆ ಚಿತ್ರಕಥೆಯಲ್ಲಿ ಒಂದು ನಿಜವಾದ ಅಪಾಯವಿದೆ. ಪುಟದ ಮೇಲೆ ಹಸುವೂ ಗೆರೆಯೇ, ಬೆರಳ ತುದಿಯಲ್ಲಿ ನಿಂತ ಬೆಟ್ಟವೂ ಗೆರೆಯೇ. ಎರಡಕ್ಕೂ ಒಂದೇ ಶಾಯಿ, ಒಂದೇ ಖಚಿತತೆ. ಚೌಕಟ್ಟಿನ ನೆತ್ತಿಯ ಮೇಲೆ, ಯಾರ ಮಾತೆಂದು ತಿಳಿಯದ ವಿವರಣೆಯೊಂದು ನಡೆದದ್ದು ಹೀಗೆಯೇ ಎಂದು ಸಾರಿದಾಗ, ಕಥೆಯು ಪ್ರತ್ಯಕ್ಷಪ್ರಮಾಣದ ವೇಷವನ್ನು ತೊಡುತ್ತದೆ, ಅಂದರೆ ಕಣ್ಣಾರೆ ಕಂಡ ಅರಿವಿನಂತೆ ನಟಿಸುತ್ತದೆ. ನರಸಿಂಹಯ್ಯನವರ ಆಕ್ಷೇಪವು ಪುರಾಣಕ್ಕೆ ತಗಲುವುದಿಲ್ಲ, ಪುರಾಣವು ವರದಿಯಂತೆ ನಟಿಸುವುದಕ್ಕೆ ತಗಲುತ್ತದೆ ಎಂದು ಹೇಳುವುದು ನ್ಯಾಯ.

ಸ್ವತಂತ್ರ ಚಿತ್ರಕಥೆಯು ಈ ಆಕ್ಷೇಪಕ್ಕೆ ಉತ್ತರ ಕೊಡಬಲ್ಲ ಸ್ಥಿತಿಯಲ್ಲಿದೆ. ದೊಡ್ಡ ಪ್ರಕಾಶಕರ ಸರಣಿಗೆ ಒಳಪಡದೆ, ಬಹುಮಟ್ಟಿಗೆ ಒಬ್ಬರೋ ಇಬ್ಬರೋ ಕಥೆ, ಗೆರೆ, ಅಕ್ಷರ, ಪುಟವಿನ್ಯಾಸಗಳನ್ನೆಲ್ಲ ತಾವೇ ನಿರ್ವಹಿಸಿ, ಕಡಿಮೆ ಪ್ರತಿಗಳಲ್ಲಿ ಹೊರತರುವ ಕೃತಿಗಳನ್ನು ಈ ಹೆಸರಿನಿಂದ ಕರೆಯುತ್ತಾರೆ. ಪ್ರಕಾಶಕರು ಲೇಖಕರಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟು ತಂದವುಗಳನ್ನೂ ಇದರೊಡನೆ ಎಣಿಸಬಹುದು. ಅಮೃತಾ ಪಾಟೀಲರ ‘ಆದಿಪರ್ವ’ದಲ್ಲಿ ಮಹಾಭಾರತವನ್ನು ಹೇಳುವವಳು ಗಂಗೆ, ಹೇಳುವವರಾರೆಂದು ತಿಳಿದ ಕೂಡಲೇ ಕಥೆಯು ಒಬ್ಬರ ನೋಟವಾಗುತ್ತದೆ, ಕೇಳುಗನಿಗೆ ಪ್ರಶ್ನಿಸುವ ಎಡೆ ಸಿಗುತ್ತದೆ. ಅಂಬೇಡ್ಕರರ ಬದುಕನ್ನು ಕುರಿತ, 2011ರ ‘ಭೀಮಾಯನ’ದಲ್ಲಿ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಪಾತ್ರಗಳನ್ನು ಪೆಟ್ಟಿಗೆಗಳಲ್ಲಿ ಕೂಡಿಹಾಕಲು ಒಪ್ಪದೆ, ತಮ್ಮ ಸಮುದಾಯದ ಅಲಂಕಾರರೇಖೆಗಳಿಂದಲೇ ಪುಟವನ್ನು ವಿಭಾಗಿಸಿದರು, ಅಸ್ಪೃಶ್ಯತೆಯ ಕಥೆಯಲ್ಲಿ ಗೋಡೆಗಳಿಲ್ಲದ ಪುಟವು ತಾನೇ ಒಂದು ವಾದವಾಯಿತು. ಬೆಂಗಳೂರಿನಲ್ಲಿ ನೆಲೆಸಿದ ಅಪ್ಪುಪೆನ್ ಅವರು ಹಾಲಾಹಲವೆಂಬ ಕಲ್ಪಿತ ಲೋಕದ ಕಥೆಗಳನ್ನು ಬಹುಮಟ್ಟಿಗೆ ಮಾತೇ ಇಲ್ಲದೆ ಹೇಳಿದ್ದಾರೆ. ವಿವರಣೆ ಇಲ್ಲದಿರುವಲ್ಲಿ ಓದುಗನ ಹೊಣೆ ಹೆಚ್ಚುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಕಸುಬಿನದೇ ಆದ ಒಂದು ಹೆಚ್ಚಿನ ಕಟ್ಟುಪಾಡು ಇದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು-ಕೊಂಬುಗಳು ಮೇಲಕ್ಕೂ ಪಕ್ಕಕ್ಕೂ ಚಾಚುತ್ತವೆ. ಹೀಗಾಗಿ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಮಾತಿನ ಗುಳ್ಳೆಯೂ ದೊಡ್ಡದಾಗಬೇಕು. ಇಂಗ್ಲಿಷಿಗೆಂದು ಬರೆದ ಗುಳ್ಳೆಗಳಲ್ಲಿ ಕನ್ನಡದ ಅನುವಾದವನ್ನು ತುರುಕಿದಾಗ ಅಕ್ಷರಗಳು ಇಕ್ಕಟ್ಟಾಗಿ ಚಿತ್ರದ ಉಸಿರು ಕಟ್ಟುತ್ತದೆ. ಕನ್ನಡದಲ್ಲಿಯೇ ಹುಟ್ಟಿದ ಪುಟವು ಮಾತನ್ನು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ, ಮತ್ತು ಆ ಮಿತಭಾಷಿತ್ವವು ದೇವರನ್ನು ಕುರಿತ ಕಥೆಗೆ ಒಪ್ಪುವ ಗುಣವೇ ಆಗಿದೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಶಿಲ್ಪಶಾಸ್ತ್ರವು ಪ್ರತಿಮೆಗೆ ತಾಳಮಾನವನ್ನು, ಅಂದರೆ ಮುಖದ ಅಳತೆಯನ್ನು ಮೂಲಮಾನವಾಗಿಟ್ಟ ಪ್ರಮಾಣವನ್ನು, ವಿಧಿಸಿರುವಾಗ ಕಲಾವಿದನು ತನಗೆ ತೋಚಿದಂತೆ ದೇವರನ್ನು ಬರೆಯುವುದು ಸ್ವೇಚ್ಛೆಯಲ್ಲವೇ ಎಂಬುದು ಮೊದಲನೆಯದು. ಗರ್ಭಗುಡಿಯ ಬಿಂಬವು ಪೂಜೆಗಾಗಿ ಇರುವುದರಿಂದ ಅದು ಬದಲಾಗದೆ ನಿಲ್ಲಬೇಕು; ಮಂಟಪದ ಚಾವಣಿಯ ಚಿತ್ರ ಕಥೆಗಾಗಿ ಇರುವುದರಿಂದ ಅದು ಚಲಿಸಬೇಕು. ಲೇಪಾಕ್ಷಿಯಲ್ಲಿ ಎರಡೂ ಒಂದೇ ಸೂರಿನಡಿ ಇವೆ, ಒಂದರ ನಿಯಮವನ್ನು ಇನ್ನೊಂದರ ಮೇಲೆ ಹೇರಿಲ್ಲ. ರೂಪವನ್ನೇ ಒಲ್ಲದ ಮಾರ್ಗಗಳಿರುವಾಗ ಚಿತ್ರವೇಕೆ ಎಂಬುದು ಎರಡನೆಯದು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ, ಅಲ್ಲಿ ಭಕ್ತಿಗೆ ಮೂರ್ತಿಯ ಹಂಗಿಲ್ಲ. ಬಳೆ ಮಾರುತ್ತಿದ್ದು ಯೋಗಿಯಾದ ಕೈವಾರದ ನಾರೇಯಣ ತಾತಯ್ಯನವರು ಅಮರನಾರೇಯಣನ ಭಕ್ತರಾಗಿದ್ದೂ ಒಳಗಣ ಬ್ರಹ್ಮದ ಅರಿವನ್ನು ತೆಲುಗು ಮತ್ತು ಕನ್ನಡದಲ್ಲಿ ಹಾಡಿದರು. ಇಂಥ ಬದುಕುಗಳನ್ನು ಬರೆಯುವ ಚಿತ್ರಕಥೆಗಾರನು ಚೌಕಟ್ಟೊಂದನ್ನು ಖಾಲಿ ಬಿಟ್ಟರೆ ಅದನ್ನು ಸೋಲೆನ್ನಬೇಕಾಗಿಲ್ಲ, ಅದು ಆ ಮಾರ್ಗಗಳಿಗೆ ಸಲ್ಲಿಸಿದ ಗೌರವ.

ಆದರೂ ತೆರಪಿಗೆ ಒಂದು ಮಿತಿಯಿದೆ, ಅದನ್ನು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಕಲಿಸುತ್ತದೆ. ವಿದುರನು ನೆಟ್ಟನೆಂದು ನಂಬಲಾದ ಅಶ್ವತ್ಥದ ನೆಲೆಯಲ್ಲಿ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಅಸಂಖ್ಯ ನಾಗರಕಲ್ಲುಗಳಿವೆ. ವಿದುರನು ನೆಟ್ಟನೋ ಇಲ್ಲವೋ ಎಂಬುದನ್ನು ಭಕ್ತನ ಭಾವಕ್ಕೆ ಬಿಡಬಹುದು. ಅದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ದೊಡ್ಡ ಅಂತರ ಉಳಿಯಿತು. ಈ ಅಂತರವನ್ನು ಓದುಗನ ಕಲ್ಪನೆಗೆ ಬಿಟ್ಟುಕೊಡುವುದು ಅಧರ್ಮ. ಪುರಾಣದ ತೆರಪನ್ನು ಭಾವ ತುಂಬಬಹುದು, ಚರಿತ್ರೆಯ ತೆರಪನ್ನು ತುಂಬಬೇಕಾದದ್ದು ದಾಖಲೆ. ಎರಡನ್ನೂ ಒಂದೇ ಶಾಯಿಯಲ್ಲಿ ಬರೆಯುವ ಚಿತ್ರಕಥೆಗಾರನು ಯಾವುದು ಯಾವುದೆಂಬುದನ್ನು ಪುಟದಲ್ಲಿಯೇ ತಿಳಿಯಗೊಡಬೇಕು.

ಆದ್ದರಿಂದ ದೇವರನ್ನು ಚಿತ್ರಕಥೆಯಲ್ಲಿ ಬರೆಯಬಹುದೇ ಎಂಬ ಪ್ರಶ್ನೆಗೆ ಬರೆಯಬಹುದು ಎಂಬುದೇ ಉತ್ತರ, ಆದರೆ ಹೇಳುವವರು ಯಾರೆಂದು ಮರೆಮಾಚದೆ, ನಂಬಿಕೆಗೆ ಸಾಕ್ಷ್ಯದ ವೇಷ ತೊಡಿಸದೆ, ಓದುಗನ ಪಾಲಿನ ಜಾಗವನ್ನು ಕಸಿಯದೆ ಬರೆಯಬೇಕು ಎಂಬ ಮೂರು ಷರತ್ತುಗಳೊಡನೆ. ಲಕ್ಷ ಪ್ರತಿಗಳ ಮಾರುಕಟ್ಟೆ ಈ ಷರತ್ತುಗಳನ್ನು ಪಾಲಿಸುವುದು ಕಷ್ಟ, ಏಕೆಂದರೆ ಎಲ್ಲರಿಗೂ ಒಂದೇ ಅರ್ಥವನ್ನು ತಲುಪಿಸುವುದು ಅದರ ಲಾಭ. ನೂರಿನ್ನೂರು ಪ್ರತಿಗಳ ಸ್ವತಂತ್ರ ಪುಸ್ತಕಕ್ಕೆ ಆ ಒತ್ತಡವಿಲ್ಲ. ನಂದಿಯ ಮೂರು ವಯಸ್ಸುಗಳು, ಕೈವಾರದ ಯೋಗಿ, ಶಿಡ್ಲಘಟ್ಟದ ಗೂಡು, ವಿದುರಾಶ್ವತ್ಥದ ಗುಂಡು, ಹೊಸೂರಿನ ವಿಚಾರವಾದಿ ಎಂಬ ಐದು ವಸ್ತುಗಳು ಒಂದು ಚಿಕ್ಕ ಜಿಲ್ಲೆಯಲ್ಲಿಯೇ ಕಾದಿವೆ. ಅವುಗಳನ್ನು ಕನ್ನಡದಲ್ಲಿ ಬರೆಯುವ ಕೈಗಳಿಗೆ ಶಾಲೆ, ಗ್ರಂಥಾಲಯ, ಸಾಹಿತ್ಯ ಪರಿಷತ್ತುಗಳು ಜಾಗ ಕೊಡಬೇಕು, ಓದುಗರು ಕೊಂಡು ಓದಬೇಕು.